ತಗ್ಗಿನ ಮಾಲಕ

ಫಕೀರಪ್ಪನಿಗೆ ಆ ಗುರುವಾರ ಬೆಳಿಗ್ಗೆ ಜೋಳದ ರೊಟ್ಟಿಯ ಆಸೆ ಹುಟ್ಟದೆ ಇದ್ದಿದ್ದರೆ ಮುಂದಿನ ರಾಮಾಯಣ ಯಾವುದೂ ನಡೆಯುತ್ತಿರಲಿಲ್ಲ.

ಗುರುವಾರ ಅವನ ಕಾರ್ಖಾನೆಗೆ ವಾರದ ರಜೆ. ಉಳಿದ ದಿನ ಪುಣೆ ಹತ್ತಿರದ ತಳೇಗಾಂವದ ಆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತು, ಯಾರು ತಡವಾಗಿ ಬಂದರು, ಯಾರು ಬೇಗ ಜಾರಿದರು ಎಂದು ಕಾಯುವುದು ಅವನ ಕೆಲಸ. ರಜೆಯ ದಿನ ಮಾತ್ರ ಯಾರ ಗೊಡವೆಗೂ ಹೋಗದ ಮನುಷ್ಯ. "ಹಿಟ್ಟು ತೀರ್ಯದ. ರೊಟ್ಟಿ ಬೇಕಂದ್ರ ಗಿರಣಿಗೆ ಹೋಗಿ ಬರ್ರಿ" ಎಂದಳು ಹೆಂಡತಿ ಮಾಧುರಿ. ಅವನು ಜೋಳದ ಡಬ್ಬಿಯನ್ನು ಸ್ಕೂಟರಿನಲ್ಲಿ ಕಾಲ ಸಂದಿಗಿಟ್ಟುಕೊಂಡು ಹೋದ, ಬೀಸಿಸಿಕೊಂಡ, ಬಿಸಿ ಹಿಟ್ಟಿನ ವಾಸನೆ ಮೂಗಿಗೇರಿಸಿಕೊಂಡು ಏನನ್ನೋ ಗುನುಗುತ್ತ ಹಿಂದಿರುಗಿದ. ಇನ್ನೇನು ಮನೆ ಬಂತು ಎನ್ನುವಾಗ ಸ್ಕೂಟರಿನ ಮುಂದಿನ ಗಾಲಿ ಭೂಮಿಯೊಳಗೆ ಹೋಯಿತು.

ಅದು ಯಶೋಧನ ಕಾಲನಿಯ ತಗ್ಗು. ಮಳೆಗಾಲ ಶುರುವಾದಾಗ ಅಂಗೈಯಷ್ಟಿತ್ತು. ಗಣಪತಿ ಕೂರುವ ಹೊತ್ತಿಗೆ ಹಿಟ್ಟು ನಾದುವ ಪರಾತದಷ್ಟಾಯಿತು. ಗಣಪತಿ ಕಳಿಸುವ ಹೊತ್ತಿಗೆ, ಇಂದ್ರಾಯಣಿ ನದಿಯವರೆಗೆ ಯಾಕೆ ಹೋಗಬೇಕು, ಇಲ್ಲೇ ಮುಳುಗಿಸಬಹುದಲ್ಲ ಎಂದು ಜನ ಮಾತಾಡಿಕೊಳ್ಳುವಷ್ಟಾಯಿತು.

ಫಕೀರಪ್ಪ ಎದ್ದು ನಿಂತಾಗ ಜೇಜುರಿಯ ಖಂಡೋಬಾನ ಜಾತ್ರೆಯಲ್ಲಿ ಭಂಡಾರದ ಅರಿಶಿನ ಎರಚಿಸಿಕೊಂಡ ಭಕ್ತನ ಹಾಗಿದ್ದ. ಬಣ್ಣವೊಂದು ಹಳದಿಯ ಬದಲು ಬಿಳಿ. ಡಬ್ಬಿಯ ಮುಚ್ಚಳ ಗಡಗಡ ಉರುಳಿಕೊಂಡು ತಾನೊಂದೇ ಮನೆ ಸೇರಿತ್ತು.

"ಅಗಂಬಾಯಿ!" ಎಂಬ ದನಿ ಪಕ್ಕದ ಗೇಟಿನಿಂದ ಬಂತು. ಮಿರಜದ ರಾಧಾಬಾಯಿ. ಅರ್ಧ ಮರಾಠಿ, ಅರ್ಧ ಕನ್ನಡದ ಮುದುಕಿ. ಬೆಳಗಿನಿಂದ ಸಂಜೆಯವರೆಗೆ ಗೇಟಿಗೆ ಗಲ್ಲ ಊರಿ ಆ ತಗ್ಗನ್ನೇ ನೋಡುವುದು ಆಕೆಯ ಕಾಲಕ್ಷೇಪ. "ಫಕೀರಪ್ಪಾ, ನೀ ಬಲಕ್ಕ ಬಿದ್ದಿ ನೋಡು! ಎಲ್ಲಾರೂ ಎಡಕ್ಕ ಬೀಳ್ತಾರ. ಗ್ಯಾಸಿನಾಂವ ಎಡಕ್ಕ, ಪೋಸ್ಟಮನ್ ಎಡಕ್ಕ, ನಮ್ಮ ಅಳಿಯಾ ಜಾವಯೀಬಾಪು ಸುದ್ದಾ ಎಡಕ್ಕ ಬಿದ್ದಿದ್ರು."

"ಕಾಕೂ, ಮೊದಲ ಒಂಚೂರು ಕೈ ಕೊಡ್ರಿ. ಗಾಡಿ ಎತ್ತಬೇಕು."

"ನನ್ನ ಸೊಂಟ ನೋವಪ್ಪಾ. ನಾ ನೋಡೂದ ಅಷ್ಟ."

ಅಷ್ಟರಲ್ಲಿ ಎದುರು ಮನೆಯ ಬಸವಪ್ರಭು ಬನಿಯನ್ನಿನ ಮೇಲೆ ಟವೆಲ್ ಹೊದ್ದು ಓಡಿ ಬಂದ. ಬಾಗಲಕೋಟೆ ಕಡೆಯವನು, ಸ್ಟೇಷನ್ ಹತ್ತಿರ ಅರಿವೆ ಅಂಗಡಿ. ಅಂಗಡಿ ತೆರೆಯುವ ಹೊತ್ತು ಮೀರಿದ್ದರೂ, ಜಗಳ ಆಗುವ ಲಕ್ಷಣ ಕಂಡರೆ ಅವನ ಕಾಲು ವ್ಯಾಪಾರದ ಕಡೆ ಏಳುವುದಿಲ್ಲ. ಅವನು ಸ್ಕೂಟರ್ ಎತ್ತಲಿಲ್ಲ, ದನಿ ಎತ್ತಿದ.

"ಏನ್ ಹೊಲಸು ರಸ್ತೆರಿ ಇದು! ನಿಮ್ಮಂಥಾ ಸಾಧು ಮನುಷ್ಯಾರ್ನ ಕೆಡವೇದಲ್ಲ! ಯಾರದ್ರಿ ಈ ರಸ್ತಾ?"

ಪ್ರಶ್ನೆ ಕೇಳಿ ಸುತ್ತ ನೆರೆದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಗರಪರಿಷದ್ದಿನದು ಎಂದನೊಬ್ಬ. ಕಾಲನಿಯೊಳಗಿನ ರಸ್ತೆ ಕಾಲನಿಯವರದೇ ಎಂದ ಇನ್ನೊಬ್ಬ. ಪ್ಲಾಟು ಮಾರಿದ ದತ್ತೂಶೇಟನ ಹೆಸರಿನಲ್ಲೇ ಇನ್ನೂ ಇದೆ ಎಂದಿತು ಮತ್ತೊಂದು ದನಿ. ಮನೆ ಕಟ್ಟಿಸಿ ವರ್ಷಗಳಾದರೂ ತಾವು ದಿನಾ ತುಳಿಯುವ ನೆಲ ಯಾರದು ಎಂಬುದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮೊಣಕಾಲು ಉರಿಯುತ್ತಿತ್ತು, ರೊಟ್ಟಿ ರಸ್ತೆ ಪಾಲಾಗಿತ್ತು, ಇಷ್ಟು ಜನ ತನ್ನನ್ನೇ ನೋಡುತ್ತಿದ್ದರು. ಫಕೀರಪ್ಪನ ಬಾಯಿಂದ ಅವನಿಗೇ ಪರಿಚಯವಿಲ್ಲದ ಮಾತು ಹೊರಟಿತು. "ಈ ರಸ್ತೆ ಯಾರದು ಅಂತ ಇವತ್ತ ಪತ್ತೆ ಹಚ್ಚತೀನಿ! ಯಾರದೋ ಅವರ ಕಡಿಂದನ ತಗ್ಗು ಮುಚ್ಚಸ್ತೀನಿ. ಹಿಟ್ಟೂ ಅವರ ಕಡಿಂದನ ಇಸಗೋತೀನಿ!"

"ಶಾಬಾಸ್!" ಎಂದು ಬಸವಪ್ರಭು ಅವನ ಬೆನ್ನು ತಟ್ಟಿದ. ಹಿಟ್ಟು ಹೊಗೆಯಂತೆ ಎದ್ದಿತು. "ಸಂಜೀಕ ಇಲ್ಲೇ ತಗ್ಗಿನ ಮುಂದ ಸಭಾ. ಮಾಲಕ ಯಾರಂತ ನೀವು ಗೊತ್ತು ಮಾಡಕೊಂಡು ಬರ್ರಿ. ಅವಗ ಏನ್ ಮಾಡಬೇಕು ಅನ್ನೂದು ನನಗ ಬಿಡ್ರಿ."

ನಗರಪರಿಷದ್ದಿನಲ್ಲಿ ರಸ್ತೆ ವಿಭಾಗದ ಓವರ್‌ಸಿಯರ್ ಅವಲಕ್ಕಿಯ ಪೋಹೆ ತಿನ್ನುತ್ತ ಕೂತಿದ್ದರು. ಫಕೀರಪ್ಪ ತನ್ನ ಕಾರ್ಖಾನೆ ಮರಾಠಿಯಲ್ಲಿ ತಗ್ಗಿನ ಉದ್ದಗಲ ವರ್ಣಿಸಿದ. ಓವರ್‌ಸಿಯರ್ ನಿಂಬೆ ಹೋಳು ಹಿಂಡುತ್ತ ಶಾಂತವಾಗಿ ಕೇಳಿ, "ರಸ್ತೆಗೆ ಡಾಂಬರು ಅದನೋ ಇಲ್ಲೋ?" ಎಂದರು.

"ಅದರಿ, ಅಲ್ಲಲ್ಲಿ."

"ಡಾಂಬರು ಇದ್ದಲ್ಲಿ ರಸ್ತೆ ನಮ್ಮದು. ಇಲ್ಲದಲ್ಲಿ ನಮ್ಮದಲ್ಲ. ತಗ್ಗಿನೊಳಗ ಡಾಂಬರು ಅದೇನು?"

"ಇಲ್ಲರಿ. ಕಿತ್ತು ಹೋಗೇದ. ಅದಕ್ಕ ತಗ್ಗು ಬಿದ್ದದ."

"ಬಘಾ, ನೋಡ್ರಿ! ಅಂದಮೇಲೆ ತಗ್ಗು ನಮ್ಮದಲ್ಲ." ಓವರ್‌ಸಿಯರ್ ಸಮಾಧಾನದಿಂದ ಚಮಚೆ ಕೆಳಗಿಟ್ಟರು. "ತಗ್ಗಿನ ಸುತ್ತಲಿಂದು ನಮ್ಮದು. ಅದಕ್ಕೇನರ ತಕ್ರಾರು ಇದ್ರ ಹೇಳ್ರಿ."

ತಗ್ಗಿನ ಸುತ್ತಲಿನ ರಸ್ತೆಗೆ ಫಕೀರಪ್ಪನ ತಕರಾರು ಇರಲಿಲ್ಲ. ಇದರಲ್ಲಿ ಎಲ್ಲೋ ತಪ್ಪಿದೆ ಎನಿಸಿತು, ಎಲ್ಲಿ ಎಂದು ತಿಳಿಯಲಿಲ್ಲ. ಬಾಗಿಲವರೆಗೆ ಹೋದವನು ತಿರುಗಿ ಬಂದು, "ಹಂಗಾರ ತಗ್ಗು ಯಾರದು?" ಎಂದ. "ದತ್ತೂಶೇಟನ್ನ ಕೇಳ್ರಿ. ಜಾಗಾ ಅವರದಿತ್ತು" ಎಂದು ಓವರ್‌ಸಿಯರ್ ಪೇಪರು ಬಿಡಿಸಿಕೊಂಡರು.

ದತ್ತೂಶೇಟ ಒಂದು ಕಾಲದಲ್ಲಿ ಆ ಜಾಗದಲ್ಲಿ ಭತ್ತ ಬೆಳೆಯುತ್ತಿದ್ದ ರೈತ. ಭೂಮಿಯನ್ನು ತುಂಡು ತುಂಡು ಮಾಡಿ ಮಾರಿದ ಮೇಲೆ ಹಾಲಿನ ಡೇರಿ ಇಟ್ಟುಕೊಂಡು, ಕೊರಳಲ್ಲಿ ದಪ್ಪ ಸರ ಹಾಕಿಕೊಂಡು ಶೇಟನಾಗಿದ್ದ. ಫಕೀರಪ್ಪನಿಗೆ ದೊಡ್ಡ ಲೋಟ ಮಜ್ಜಿಗೆ ಕೊಟ್ಟು ಕೂರಿಸಿದ. ಅವನ ಉತ್ತರ ಇನ್ನೂ ಸುತ್ತುಬಳಸಿನದಾಗಿತ್ತು.

"ರಸ್ತೆಯ ಜಾಗ ನಾನು ಪರಿಷದ್ದಿಗೆ ಕೊಟ್ಟುಬಿಟ್ಟೀನಿ."

"ಹಂಗಾರ ಅವರದಾತಲ್ಲ?"

"ನಾ ಕೊಟ್ಟೀನಿ. ಅವರು ಇನ್ನೂ ತಗೊಂಡಿಲ್ಲ."

"ಅಂದ್ರ ನಿಮ್ಮದ?"

"ಕೊಟ್ಟ ಮ್ಯಾಲೆ ನನ್ನದು ಹೆಂಗಾಗ್ತದ ಸಾಹೇಬ?"

ಫಕೀರಪ್ಪ ಮಜ್ಜಿಗೆಯ ಲೋಟ ಹಿಡಿದುಕೊಂಡೇ ಯೋಚಿಸಿದ. ಕೊಟ್ಟವನದಲ್ಲ, ತೆಗೆದುಕೊಳ್ಳಬೇಕಾದವನದೂ ಅಲ್ಲ. ನಡುವೆ, ಗಾಳಿಯಲ್ಲಿ, ಒಂದು ರಸ್ತೆ ತೂಗಾಡುತ್ತಿದೆ. ಆ ತೂಗಾಡುವ ರಸ್ತೆಯ ತಗ್ಗಿನಲ್ಲಿ ತಾನು ಬಿದ್ದದ್ದು ಮಾತ್ರ ನಿಜ, ಮೊಣಕಾಲು ಸಾಕ್ಷಿ. ದತ್ತೂಶೇಟನಿಗೆ ಅವನ ಮುಖ ನೋಡಿ ಪಾಪ ಅನಿಸಿತೇನೋ. "ಅದಕ್ಕೊಂದ ದಾರಿ. ಮೋಜಣಿ ಮಾಡಸ್ರಿ. ಸರ್ವೇದವರು ಸರಪಳಿ ಹಿಡಿದ್ರ ಯಾವ ನೆಲ ಯಾರದು ಅಂತ ಬರೋಬರಿ ಹೊರಗ ಬೀಳತದ" ಎಂದ.

ಫಕೀರಪ್ಪ ಮನೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅವನ ಮನೆಯ ಮಗ್ಗುಲಲ್ಲೇ ಯಾರೋ ಪುಣೆ ಪೇಟೆಯವರ ಖಾಲಿ ಪ್ಲಾಟೊಂದಿತ್ತು. ಅಲ್ಲಿ ತಲೆಗೆ ಕರವಸ್ತ್ರ ಕಟ್ಟಿಕೊಂಡ ಒಬ್ಬ ಮನುಷ್ಯ ಸರಪಳಿ ಬಿಡಿಸುತ್ತಿದ್ದ. ಸರ್ವೇದವನು! ಬೇಡಿದ ದೇವರು ಮಗ್ಗುಲಿಗೇ ಬಂದು ನಿಂತಂತಾಯಿತು. ಫಕೀರಪ್ಪ ಓಡಿ ಹೋಗಿ ಮರಾಠಿಯಲ್ಲಿ ಶುರುಮಾಡುವಷ್ಟರಲ್ಲಿ ಆ ಮನುಷ್ಯ ತನ್ನ ಆಳಿಗೆ, "ಅಲ್ಲಿ ಗೂಟ ಹೊಡಿಯೋ, ಹಂಗಲ್ಲಲೇ" ಎಂದು ಕೂಗಿದ.

"ಅಯ್ಯ, ನೀವು ನಮ್ಮವರ ಆದ್ರಲ್ಲರಿ!"

ಅವನ ಹೆಸರು ಹಣಮಂತ್ರಾಯ, ಅಕ್ಕಲಕೋಟೆ ಕಡೆಯವನು. ಈಗಷ್ಟೇ ಈ ಕಡೆಗೆ ವರ್ಗವಾಗಿ ಬಂದಿದ್ದ. ಕನ್ನಡ ಕೇಳಿ ಅವನ ಮುಖವೂ ಅರಳಿತು. ಫಕೀರಪ್ಪ ಅವನನ್ನು ಮನೆಗೆ ಕರೆತಂದ; ಮಾಧುರಿ ಒಗ್ಗರಣೆ ಅವಲಕ್ಕಿ ಮಾಡಿದಳು, ಚಹಾ ಮಾಡಿದಳು. ಚಹಾ ಮುಗಿಯುವಷ್ಟರಲ್ಲಿ ಫಕೀರಪ್ಪ ತನ್ನ ಗೋಳನ್ನೆಲ್ಲ ಹೇಳಿ ಮುಗಿಸಿ, "ಹೆಂಗೂ ಸರಪಳಿ ಬಿಚ್ಚೀರಿ. ಹಂಗ ಈ ರಸ್ತೇನೂ ಒಂದಿಷ್ಟು ಅಳದ ಹೇಳ್ರಿ. ಮಾಲಕನ ಹೆಸರೊಂದು ಸಿಕ್ಕರ ಸಾಕು, ಸಂಜೀಕ ಅವನ ನೀರಿಳಸ್ತೀವಿ" ಎಂದ.

"ಅದೇನ್ ದೊಡ್ಡ ಮಾತರಿ" ಎಂದು ಹಣಮಂತ್ರಾಯ ಎದ್ದ.

ಊಟಕ್ಕೆ ಒಳಗೆ ಹೋಗಿದ್ದ ರಾಧಾಬಾಯಿಯ ಮನೆಯ ಮೂಲೆಗೆ, ಹುಲ್ಲಿನಲ್ಲಿ ಅರ್ಧ ಹೂತ ಒಂದು ಕಲ್ಲಿತ್ತು. ಪ್ಲಾಟುಗಳ ಗಡಿ ತೋರಿಸುವ ಹದ್ದಿನ ಕಲ್ಲು ಇದೇ ಎಂದು ಹಣಮಂತ್ರಾಯ ಅಲ್ಲಿಂದ ಸರಪಳಿ ಹಿಡಿದ. ಸರಪಳಿ ತಗ್ಗನ್ನು ದಾಟಿತು, ಫಕೀರಪ್ಪನ ಗೇಟನ್ನು ದಾಟಿತು, ಮೆಟ್ಟಿಲು ಏರಿತು, ನಡುಮನೆ ಹೊಕ್ಕಿತು. ಮಾಧುರಿ ಅಡಿಗೆಮನೆಯಲ್ಲಿ ಕಾಲಿಗೆ ತೊಡರಿದ ಸರಪಳಿ ನೋಡಿ ಚೀರಿದಳು. ಹಣಮಂತ್ರಾಯ ನಕ್ಷೆ ತೆರೆದು ನೋಡಿದ, ಮಡಚಿದ, ಮತ್ತೆ ತೆರೆದ. ಆಳನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಸತ್ತ ಸುದ್ದಿ ಹೇಳುವವನ ಹಾಗೆ ಫಕೀರಪ್ಪನ ಹೆಗಲ ಮೇಲೆ ಕೈಯಿಟ್ಟ.

"ರಸ್ತೆ ಮಾಲಕ ಸಿಕ್ಕಾನ್ರಿ."

"ಯಾರ್ರಿ? ಹೇಳ್ರಿ, ಅವನ ಬೇರು ಕೀಳ್ತೀವಿ!"

"ನೀವ."

ಫಕೀರಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ನಿಮ್ಮ ಪ್ಲಾಟು ಇರೂದು ಹೊರಗ, ಮಂದಿ ಅಡ್ಡಾಡ್ತಾರಲ್ಲ, ಆ ಜಾಗಾದಾಗ. ತಗ್ಗು ಬರೋಬರಿ ನಿಮ್ಮ ಪ್ಲಾಟಿನ ನಡುವ ಅದ. ನಕ್ಷೆದಾಗಿನ ಸರ್ಕಾರಿ ರಸ್ತೆ..." ಹಣಮಂತ್ರಾಯ ಕಾಲ ಕೆಳಗಿನ ಫರಸಿಯನ್ನು ತೋರಿಸಿದ. "ನಾವೀಗ ನಿಂತೀವಲ್ಲ, ಇದು."

ಫಕೀರಪ್ಪನ ತಲೆ ಗಿರಣಿಯಂತೆ ತಿರುಗಿತು. ರಸ್ತೆ ನನ್ನದು. ಮನೆ ರಸ್ತೆಯದು. ಅಂದರೆ ಹೊರಗೆ ಹೋದರೆ ಮನೆಯೊಳಗಿದ್ದಂತೆ, ಮನೆಯೊಳಗೆ ಬಂದರೆ ಬೀದಿಯಲ್ಲಿ ನಿಂತಂತೆ. ಮದುವೆಯಾದಂದಿನಿಂದ ಬಾಡಿಗೆ ಮನೆಗಳ ಒಡತಿಯರ ಕೈಯಲ್ಲಿ ಅನ್ನಿಸಿಕೊಂಡು, ಪಾತ್ರೆ ಪಗಡ ಹೊತ್ತು ಅಲೆದು, ಕಡೆಗೆ ಕಟ್ಟಿಸಿದ ಮನೆ. ಮಾಧುರಿಯ ತಲೆ ಮಾತ್ರ ಚುರುಕಾಗಿತ್ತು.

"ನಮ್ಮ ಮನಿ ಸರ್ಕಾರಿ ರಸ್ತೆ ಮ್ಯಾಲೆ ಅದ ಅಂದ್ರ, ಈ ಅಡಿಗಿಮನಿ ಸೋರೂದನ್ನ ಸರ್ಕಾರದವರ ರಿಪೇರಿ ಮಾಡಬೇಕಲ್ಲರಿ?"

"ಅಕ್ಕಾರ, ರಸ್ತೆ ಮ್ಯಾಲಿನ ಮನಿ ಸರ್ಕಾರ ರಿಪೇರಿ ಮಾಡೂದಿಲ್ಲ. ಕೆಡವತದ."

ಅಡಿಗೆಮನೆಯಲ್ಲಿ ಕುಕ್ಕರು ಸೀಟಿ ಹಾಕಿತು. ಫಕೀರಪ್ಪ ಬೆಚ್ಚಿ ಪಕ್ಕಕ್ಕೆ ಸರಿದ, ಲಾರಿ ಬಂದವರ ಹಾಗೆ.

ಹಣಮಂತ್ರಾಯ ಅವನನ್ನು ಸಮಾಧಾನ ಮಾಡಿದ. "ನೋಡ್ರಿ, ನಾ ಬಂದಿದ್ದು ಮಗ್ಗಲ ಪ್ಲಾಟು ಅಳಿಯಾಕ. ನಿಮ್ಮದನ್ನ ಅಳಿ ಅಂತ ನನಗ ಯಾರೂ ಹೇಳಿಲ್ಲ. ಹಂಗಾಗಿ ನಾ ಏನೂ ನೋಡಿಲ್ಲ. ಆದ್ರ ಕಾಲನಿ ಮಂದಿ ಕೂಡಿ ರಸ್ತೆ ಅಳೀರಿ ಅಂತ ಅರ್ಜಿ ಹಾಕಿದ್ರ ಮಾತ್ರ ನಾ ಬರೀಲೇಬೇಕಾಗ್ತದ. ಅದೊಂದು ಆಗದಂಗ ನೋಡಕೋರಿ." ಅವನು ಉಳಿದ ಅವಲಕ್ಕಿಯನ್ನೂ ಮುಗಿಸಿ ಪಕ್ಕದ ಪ್ಲಾಟಿಗೆ ಹೋದ.

ಮಧ್ಯಾಹ್ನವೆಲ್ಲ ಫಕೀರಪ್ಪ ಮಲಗಲಿಲ್ಲ, ಕೂರಲಿಲ್ಲ. ಅಡಿಗೆಮನೆಯಿಂದ ನಡುಮನೆಗೆ ಬರುವಾಗ ಎಡಬಲ ನೋಡಿ ದಾಟಿದ. ಕಿಟಕಿಯಿಂದ ಹೊರಗೆ ನೋಡಿದರೆ ಅವನ ಪ್ಲಾಟಿನ ಮೇಲೆ ಎಮ್ಮೆಯೊಂದು ನಡೆದು ಹೋಗುತ್ತಿತ್ತು. ಅದನ್ನು ಓಡಿಸುವ ಹಕ್ಕು ತನಗಿದೆಯೋ ಇಲ್ಲವೋ ಎಂದು ತೋಚದೆ ಸುಮ್ಮನೆ ನಿಂತ. ಕಡೆಗೆ, ಸಭೆಯನ್ನೇ ತಪ್ಪಿಸುವುದು ಒಳ್ಳೆಯದೆಂದು ಬಸವಪ್ರಭುವಿನ ಮನೆಗೆ ಹೋದ.

"ಬಸವಪ್ರಭುಗೋಳ, ಸಂಜೀ ಸಭಾ ಬ್ಯಾಡೇಳ್ರಿ. ನಾ ವಿಚಾರ ಮಾಡಿ ನೋಡಿದೆ. ತಗ್ಗು ಭಾಳ ಸಣ್ಣದದ."

ಬಸವಪ್ರಭು ಅವನನ್ನು ಮೇಲಿಂದ ಕೆಳಗೆ ನೋಡಿದ. "ಮುಂಜಾನೆ ಅದರಾಗ ನೀವು ಕಾಣದಂಗ ಆಗಿದ್ರಿ!"

"ತಪ್ಪು ನನ್ನದ. ಹಾಡು ಅನಕೋತ ಬರಾಕತ್ತಿದ್ದೆ."

"ಫಕೀರಪ್ಪನವರ, ಯಾರರ ಅಂಜಿಸ್ಯಾರೇನ್ರಿ? ಏನೂ ಅಂಜಬ್ಯಾಡ್ರಿ! ನಾ ಓವರ್‌ಸಿಯರ್‌ಗೆ ಫೋನ್ ಹಚ್ಚೀನಿ. ಮೋರ್ಚಾ ತರ್ತೀವಿ ಅಂದಕೂಡ್ಲೆ ಬರ್ತೀನಿ ಅಂದಾರ. ಇವತ್ತ ಎಲ್ಲಾರೂ ಕೂಡಿ ಮೋಜಣಿ ಅರ್ಜಿಗೆ ಸಹಿ ಹಾಕೂದ. ಆ ಮಾಲಕ ಯಾರಿದ್ರೂ ಬಿಡಂಗಿಲ್ಲ. ಚಪ್ಪಲಿ ಹಾರ ಸುದ್ದಾ ತಯಾರ್ ಅದ." ಅವನು ಬಾಗಿಲ ಹಿಂದಿನಿಂದ ಹಾರ ತೆಗೆದು ತೋರಿಸಿದ. ಹಳೆಯ ಚಪ್ಪಲಿಗಳನ್ನು ಅರಿವೆ ಅಂಗಡಿಯ ಅಚ್ಚುಕಟ್ಟಿನಿಂದ ಪೋಣಿಸಿದ್ದ. ಫಕೀರಪ್ಪನ ಕೊರಳು ತಾನೇ ತುರಿಸಿತು.

ಬಿಸಿಲು ಇಳಿದ ಮೇಲೆ ತಗ್ಗಿನ ಸುತ್ತ ಜನ ಕೂಡಿದರು. ಬಸವಪ್ರಭು ಮೊದಲು ಭಾಷಣ ಮಾಡಿದ. ಇಂಥ ರಸ್ತೆ ಇಟ್ಟುಕೊಂಡು ಮುಸುಕೆಳೆದು ಕೂತವನಿಗೆ ಹೆಂಡರು ಮಕ್ಕಳು ಇಲ್ಲವೇ, ಅವನು ಹೇಗೆ ಅನ್ನ ತಿನ್ನುತ್ತಾನೆ ಎಂದು ಕೇಳಿದ. ಆ ಅನ್ನ ಮಾಡುವ ಮಾಧುರಿ ಹೆಂಗಸರ ನಡುವೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಈಗ ಘೋಷಣಾ! ಬಿದ್ದು ಪೆಟ್ಟು ತಿಂದವರು ಫಕೀರಪ್ಪನವರು. ಅವರ ಮೊದಲ ಕೂಗಲಿ!" ಎಂದು ಬಸವಪ್ರಭು ಅವನನ್ನು ಮುಂದೆ ನೂಕಿದ. "ರಸ್ತೆ ಮಾಲಕಗ..."

"ಧಿಕ್ಕಾರ" ಎಂದ ಫಕೀರಪ್ಪ, ಕೆಮ್ಮಿದವರ ಹಾಗೆ.

"ಜೋರಾಗಿ! ರಸ್ತೆ ಮಾಲಕ ಯಾರಂವ?"

"ನಾ..." ಎಂದು ಹೊರಟ ಮಾತನ್ನು ಫಕೀರಪ್ಪ ಹಲ್ಲಿನಲ್ಲಿ ಹಿಡಿದು, "ನಾಲಾಯಕ್!" ಎಂದು ಮುಗಿಸಿದ. ಜನ ಹುಚ್ಚೆದ್ದು ಕೂಗಿದರು. ನಾಲಾಯಕ್, ನಾಲಾಯಕ್! ಎಲ್ಲರಿಗಿಂತ ಗಟ್ಟಿಯಾಗಿ ರಾಧಾಬಾಯಿ ಕೂಗಿದಳು. ಆಕೆಯ ಸೊಂಟನೋವು ಆ ಕ್ಷಣ ಮಾಯವಾಗಿತ್ತು.

ಆಗ ಓವರ್‌ಸಿಯರ್ ಮೋಟರ್‌ಸೈಕಲ್ ಮೇಲೆ ಬಂದಿಳಿದರು. ಬಸವಪ್ರಭು ಮಡಚಿದ ಕಾಗದವೊಂದನ್ನು ಎತ್ತಿ ತೋರಿಸಿದ. "ಎಲ್ಲಾರೂ ಸಹಿ ಹಾಕ್ರಿ. ನಾಳೆ ಮೋಜಣಿ ಆಗಲಿ, ನೆಲ ಯಾರದಂತ ಬಯಲಿಗೆ ಬರಲಿ. ಮೊದಲ ಸಹಿ ಫಕೀರಪ್ಪನವರದು!"

ಪೆನ್ನು ಕೈಗೆ ಬಂತು. ಎದುರಿಗೆ ಚಪ್ಪಲಿ ಹಾರ, ಬೆನ್ನಿಗೆ ತನ್ನ ಮನೆ, ಅಂದರೆ ಸರ್ಕಾರಿ ರಸ್ತೆ. ಫಕೀರಪ್ಪನ ಕಣ್ಣಿಗೆ ಜೆಸಿಬಿಯೊಂದು ಮೆಟ್ಟಿಲು ಹತ್ತಿ ಬಂದು ಮಾಧುರಿಯ ಮಿಕ್ಸರಿಗೆ ಬಾಯಿ ಹಾಕಿದ್ದು ಕಂಡಿತು.

"ಬ್ಯಾಡ!" ಎಂದು ಕಿರುಚಿದ. "ಮೋಜಣಿ ಬ್ಯಾಡ! ಯಾರದರ ಇರಲಿ ರಸ್ತೆ! ತಗ್ಗು ನಾ ಮುಚ್ಚತೀನಿ!"

ಬಸವಪ್ರಭುವಿನ ಹುಬ್ಬು ಗಂಟಾಯಿತು. "ನೀವ್ಯಾಕ್ರಿ ಮುಚ್ಚೂದು? ನಿಮಗೂ ಆ ಮಾಲಕಗೂ ಏನ್ ಸಂಬಂಧ?"

ಸಂಬಂಧ ಏನು ಎಂಬುದನ್ನು ಹೇಳುವಂತಿರಲಿಲ್ಲ. ಫಕೀರಪ್ಪನ ಬಾಯಿಗೆ ಸಿಕ್ಕಿದ್ದು ಬಂತು. "ಸಂಬಂಧ ಇಲ್ಲರಿ. ಸೇವಾ. ಇದು ಸೇವಾ ಅಂತ ತಿಳಕೋರಿ. ಇದೊಂದ ಅಲ್ಲ, ರಸ್ತೇಕ ಎಷ್ಟು ತಗ್ಗು ಬೀಳ್ತಾವ ಅಷ್ಟೂ ಮುಚ್ಚತೀನಿ. ಬರೇ ಅಳತಿ ಮಾತು ಎತ್ತಬ್ಯಾಡ್ರಿ. ನೆಂಟರಂಗ ಇರೂ ಮಂದಿ ನಾವು. ನೆಲ ಅಳದ್ರ ಮನಸು ಮುರೀತಾವ!"

ಕಡೆಯ ಮಾತು ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ. ಆದರೆ ಅದು ಜನರ ಎದೆಗೆ ತಾಗಿತು. ಯಾರೋ ಚಪ್ಪಾಳೆ ತಟ್ಟಿದರು. ಓವರ್‌ಸಿಯರ್ ಮುಂದೆ ಬಂದು ಅವನ ಕೈ ಹಿಡಿದು ಕುಲುಕಿದರು. "ಅಸಾ ಮಾಣೂಸ ಪಾಹಿಜೆ! ಇಂಥಾ ಮನುಷ್ಯಾ ಬೇಕು! ಬಸ್ ಸ್ಟಾಪಿನಿಂದ ಕಡೆಯ ಮನಿ ತನಕ ಈ ರಸ್ತೆ ಇವತ್ತಿನಿಂದ ಇವರ ಕೈಯಾಗ ಅಂತ ನಾನೂ ಒಪ್ಪಗೋತೀನಿ."

"ಗಟಾರಾ ಸುದ್ದಾ" ಎಂದಳು ರಾಧಾಬಾಯಿ.

"ಗಟಾರಾ ಸುದ್ದಾ" ಎಂದರು ಓವರ್‌ಸಿಯರ್.

ಬಾಯಿ ಮಾತಿನ ಮೇಲೆ ರಾಧಾಬಾಯಿಗೆ ನಂಬಿಕೆಯಿಲ್ಲ. ಒಳಗೆ ಹೋಗಿ ದೇವರ ಮುಂದಿನ ಭಂಡಾರದ ಬಟ್ಟಲು ತಂದಳು. ಫಕೀರಪ್ಪನ ಹಣೆಗೆ ಬಳಿದು, ಅಂಗೈಗೆ ಒಂದು ಚಿಟಿಕೆ ಹಾಕಿದಳು. ಈ ಮನೆಯಲ್ಲಿ ಇರುವವರೆಗೂ ಈ ರಸ್ತೆ ನೋಡಿಕೊಳ್ಳುತ್ತೇನೆ ಎಂದು ಖಂಡೋಬಾನ ಮೇಲೆ ಆಣೆ ಮಾಡಿಸಿದಳು. ಮನೆ ಉಳಿದರೆ ಸಾಕೆಂದು ಅವನು ದನಿ ನಡುಗಿಸುತ್ತ ಹೇಳಿದ. ಆ ನಡುಕವನ್ನು ಭಕ್ತಿ ಎಂದುಕೊಂಡು ಹೆಂಗಸರು ಕೈಮುಗಿದರು. ಬಸವಪ್ರಭು ಚಪ್ಪಲಿ ಹಾರವನ್ನು ಮರೆಗೆ ಸರಿಸಿ, ಎಲ್ಲರನ್ನೂ ತನ್ನ ಕಟ್ಟೆಗೆ ಚಹಾಕ್ಕೆ ಕರೆದ.

ಫಕೀರಪ್ಪ ಚಹಾಕ್ಕೆ ಹೋಗಲಿಲ್ಲ. ಆ ಬೀದಿಯ ಕೊನೆಗೆ ಕಟ್ಟಡ ಕೆಲಸ ನಡೆದಿತ್ತು. ಅಲ್ಲಿನ ಕೂಲಿಯವರ ಬುಟ್ಟಿ ಕೇಳಿ ತಂದು, ಬಿಟ್ಟುಹೋದ ಮುರುಮ ಮಣ್ಣನ್ನು ಹೊತ್ತು ಹೊತ್ತು ತಂದು ತಗ್ಗಿಗೆ ಸುರಿಯತೊಡಗಿದ. ಎಷ್ಟು ಸುರಿದರೂ ಅದು ಬಾಯಿ ತೆರೆದುಕೊಂಡೇ ಇತ್ತು. ಬೆನ್ನು ಹಿಡಿಯಿತು. ಆದರೂ ಮನಸ್ಸಿಗೊಂದು ಸಮಾಧಾನ: ಕಡೆಗೂ ಇದು ನನ್ನ ನೆಲ, ನನ್ನ ತಗ್ಗು, ನನ್ನ ಕೈಯಾರೆ ಮುಚ್ಚುತ್ತಿದ್ದೇನೆ. ಕಂದೀಲು ಹಚ್ಚುವ ಹೊತ್ತಿಗೆ ತಗ್ಗು ತುಂಬಿತು. ಅವನು ಅದರ ಮೇಲೆ ನಿಂತು ಕಾಲಿಂದ ತುಳಿದು ಸಮ ಮಾಡುತ್ತಿದ್ದಾಗ ಲೂನಾ ಗಾಡಿಯೊಂದು ಒದರುತ್ತ ಬಂದು ನಿಂತಿತು. ಹಣಮಂತ್ರಾಯ.

"ಫಕೀರಪ್ಪನವರ, ತಪ್ಪಾತರಿ! ದೊಡ್ಡ ತಪ್ಪಾತು!" ಅವನಿಗೆ ಉಸಿರು ಹತ್ತುತ್ತಿರಲಿಲ್ಲ. "ನಾ ಹಿಡಿದ ಕಲ್ಲು ಹದ್ದಿನ ಕಲ್ಲ ಅಲ್ಲ! ಆ ಕಲ್ಲಿಂದನ ಮಗ್ಗಲ ಪ್ಲಾಟು ಅಳದೆ, ಅದು ಹೋಗಿ ರೇಲ್ವೆ ಹಳಿ ಮ್ಯಾಲೆ ಬಿತ್ತು. ಅನುಮಾನ ಬಂದು ಅಲ್ಲೇ ಒಗ್ಯಾಣ ಮಾಡೂ ಬಾಯಿನ್ನ ಕೇಳಿದೆ. ಅದು ರಾಧಾಬಾಯಿಯವರ ಅರಿವಿ ಒಗಿಯೂ ಕಲ್ಲಂತ! ಒಡದದ ಅಂತ ಮಳೆಗಾಲದಾಗ ಮೂಲಿಗೆ ಉಳ್ಳಿಸ್ಯಾರ. ಖರೇ ಕಲ್ಲು ಆ ಕಡೆ ಗಿಡದ ಬುಡಕ ಸಿಕ್ತು. ಮತ್ತ ಎಲ್ಲಾ ಅಳದೆ. ನಿಮ್ಮ ಮನಿ ನಿಮ್ಮ ಪ್ಲಾಟಿನಾಗ ಬರೋಬರಿ ಅದ. ರಸ್ತೆ ಪೂರಾ ನಗರಪರಿಷದ್ದಿಂದು. ತಗ್ಗು ಸಹಿತ!"

ಫಕೀರಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮನೆ ನನ್ನದು. ರಸ್ತೆ ನನ್ನದಲ್ಲ. ಮಧ್ಯಾಹ್ನದಿಂದ ತಲೆಕೆಳಗಾಗಿದ್ದ ಲೋಕ ದಡಕ್ಕನೆ ಸರಿಯಾಗಿ ನಿಂತಿತು. ಅವನು ಹಣಮಂತ್ರಾಯನನ್ನು ಮಣ್ಣುಗೈಯಲ್ಲೇ ತಬ್ಬಿಕೊಂಡ. ಅವನ ಕೈ ಹಿಡಿದು ಎಳೆದುಕೊಂಡೇ ಬಸವಪ್ರಭುವಿನ ಕಟ್ಟೆಗೆ ಓಡಿದ. ಅಲ್ಲಿ ಓವರ್‌ಸಿಯರ್ ಎರಡನೆಯ ಸಲ ಚಹಾ ಕುಡಿಯುತ್ತಿದ್ದರು. ಮಾಧುರಿಯೂ ಹೆಂಗಸರ ಜೊತೆ ಅಲ್ಲೇ ಇದ್ದಳು.

"ಕೇಳ್ರಿ, ಎಲ್ಲಾರೂ ಕೇಳ್ರಿ! ಮೋಜಣಿಯವರ ಹೇಳ್ಯಾರ! ಈ ರಸ್ತೆ ನನ್ನ... ಯಾರದೂ ಅಲ್ಲ, ನಗರಪರಿಷದ್ದಿಂದು! ತಗ್ಗು ಮುಚ್ಚೂ ಜವಾಬ್ದಾರಿ ಅವರದು!"

ಓವರ್‌ಸಿಯರ್ ಬಸಿಯಲ್ಲಿದ್ದ ಚಹಾ ಪೂರ್ತಿ ಹೀರಿದರು. "ಇರಬಹುದು. ಮೋರ್ಚಾ ಬರ್ತದ ಅಂತ ಅಂಜಿ ನಾ ನಾಳೆಗೆ ಒಂದು ಲಾರಿ ಡಾಂಬರು ಈ ರಸ್ತೇಕ ಅಂತ ಇಟ್ಟಿದ್ದೆ. ನೀವು ಆಣೆ ಮಾಡಿದ್ರಿ, ಈಗಷ್ಟ ಫೋನ್ ಹಚ್ಚಿ ಅದನ್ನ ಸ್ಟೇಷನ್ ಆಚೆ ಕಾಲನಿಗೆ ತಿರುಗಿಸಿಬಿಟ್ಟೆ. ಅಲ್ಲಿ ಇಂಥಾ ಸೇವಾ ಮಾಡೂ ಮಂದಿ ಇಲ್ಲ ನೋಡ್ರಿ, ಪಾಪ."

"ಆದ್ರ ರಸ್ತೆ ನನ್ನದಲ್ಲರಿ!" ಫಕೀರಪ್ಪ ಬಸವಪ್ರಭುವಿನ ಕಡೆ ತಿರುಗಿದ. ದನಿಯಲ್ಲಿ ಅಳು ಬಂದಿತ್ತು. "ಬಸವಪ್ರಭುಗೋಳ, ನೀವರ ಹೇಳ್ರಿ. ಇದು ನನ್ನ ರಸ್ತೆ ಅಲ್ಲ!"

ಬಸವಪ್ರಭುವಿನ ಕಣ್ಣು ತುಂಬಿ ಬಂತು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ. "ಅದಕ್ಕ ಅಲ್ಲರಿ ನಿಮ್ಮದು ದೊಡ್ಡ ಮನಸು! ಸ್ವಂತ ರಸ್ತೆ ಆಗಿದ್ರ ಯಾರರ ಮಾಡ್ತಾರ. ಅದರಾಗೇನ್ ಹೆಚ್ಚಾಯ? ತನ್ನದಲ್ಲ ಅಂತ ಗೊತ್ತಿದ್ದೂ ಮಾಡ್ತಾನಲ್ಲ, ಅಂವ ಮನುಷ್ಯಾ!"

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಹಣಮಂತ್ರಾಯನೂ ತಟ್ಟಿದ. ಫಕೀರಪ್ಪ ಏನೋ ಹೇಳಲು ಬಾಯಿ ತೆರೆದ. ಹೇಳಬೇಕೆಂದರೆ ಮಧ್ಯಾಹ್ನ ತಾನು ಏನನ್ನು ಮುಚ್ಚಿಟ್ಟೆ ಎಂಬುದರಿಂದ ಶುರುಮಾಡಬೇಕಿತ್ತು. ಬಾಯಿ ಮುಚ್ಚಿದ.

ಅಷ್ಟರಲ್ಲಿ ಗೇಟಿನ ಬಳಿಯಿಂದ ರಾಧಾಬಾಯಿಯ ದನಿ ಕೇಳಿತು. "ಫಕೀರಪ್ಪಾ, ಬಾ ಇಲ್ಲೆ! ಗಟಾರಾ ತುಂಬೇದ."

ಮಾಧುರಿ ನಿಟ್ಟುಸಿರು ಬಿಟ್ಟು, ತಗ್ಗಿನ ಬಳಿ ಬಿದ್ದಿದ್ದ ಬುಟ್ಟಿ ತಂದು ಗಂಡನ ಕೈಗೆ ಕೊಟ್ಟಳು.